ಟವರ್ ಪೆಟ್ಟಿಗೆಯ ಮುಂದೆ ಒಣಗಿದ ಸಂಡಿಗೆ

ನಮ್ಮ ತಾರಸಿಯ ಮೇಲಿನ ಮೊಬೈಲ್ ಟವರು ಎರಡು ಮಳೆಗಾಲ ಮತ್ತೆ ಮತ್ತೆ ನಿಂತುಹೋದದ್ದು ನನ್ನಿಂದ. ಆ ತಪ್ಪು ಹೊತ್ತವರು ಸೆಲ್ವರಾಜ್ ಎಂಬ ರಿಪೇರಿಯವರು. ಅವರು ಪ್ರತಿ ಸಲವೂ ನಮ್ಮ ಮನೆಗೆ ಬಂದು, ನನ್ನ ಕೈಯಿಂದಲೇ ತಾರಸಿಯ ಕೀಲಿ ಇಸಿದುಕೊಂಡು ಮೇಲೆ ಹೋಗಿದ್ದರು. ಅವರ ಮೇಲಿನವರು ಬಂದು ವಿಚಾರಿಸಿದಾಗ ನಾನು — ಅವರು ಅಲ್ಲೇ ನಿಂತಿರುವಾಗಲೇ — ಅವರನ್ನು ನೋಡಿಲ್ಲ ಎಂದೆ.

ಇಷ್ಟು ಬರೆಯುವುದಕ್ಕೆ ನೋಟ್ ಬುಕ್ಕಿನ ಮೂರು ಹಾಳೆ ಹರಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಈಗಲೂ ತಡಕಾಡುತ್ತೇನೆ. ಮೊಮ್ಮಗಳು ಹೇಮಾ ತಿದ್ದಿಕೊಡುತ್ತಾಳೆ. ಅವಳಿಗೆ ನಾನು ಹೇಳಿರುವುದು ಇಷ್ಟೇ — ಅಕ್ಷರ ತಿದ್ದು, ಮಾತು ತಿದ್ದಬೇಡ.

ಇದನ್ನು ಅಳುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಚಿಕೆಯಿಲ್ಲದ ಮುದುಕಿ ಅನ್ನುತ್ತೀರೋ ಏನೋ — ಆದರೆ ಈ ಮಳೆಗಾಲದಲ್ಲಿ ನನಗಿರುವಷ್ಟು ಸಂತೋಷ ನನ್ನ ಮದುವೆಯಲ್ಲೂ ಇರಲಿಲ್ಲ. ಹಾಲು ಉಕ್ಕಿದ ಹಾಗೆ ಉಕ್ಕುತ್ತಿದೆ, ಮುಚ್ಚಿಟ್ಟರೆ ನಿಲ್ಲುತ್ತಿಲ್ಲ. ಆ ಸಂತೋಷ ಯಾರಿಂದ ಬಂತೋ, ಅವರಿಗೇ ನಾನು ಅನ್ಯಾಯ ಮಾಡಿದವಳು. ಎರಡನ್ನೂ ಒಟ್ಟಿಗೆ ಹೇಳದೆ ನನಗೆ ದಾರಿಯಿಲ್ಲ.

ನಮ್ಮದು ಹಲಸೂರಿನ ಹಳೆಯ ಮನೆ. ನಾನು ಸೊಸೆಯಾಗಿ ಬಂದಾಗ ಮಾವನವರು ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದರು. ದಂಟಿನ ಮಡಿ ಇದ್ದಲ್ಲಿ ಈಗ ಮೂರಂತಸ್ತು ಎದ್ದಿದೆ. ರಸ್ತೆ ದಾಟಿದರೆ ಮರ್ಫಿ ಟೌನ್. ನನ್ನ ಮಗ ಮುನಿರಾಜು ತಾರಸಿಯನ್ನು ಟವರಿನವರಿಗೆ ಬಾಡಿಗೆಗೆ ಕೊಟ್ಟ. ಮೂರು ಕಬ್ಬಿಣದ ಕಂಬ ನಿಂತವು. ಅವುಗಳ ಬುಡದಲ್ಲಿ ಬೀರುವಿನಷ್ಟು ಎತ್ತರದ ಒಂದು ಬೂದು ಬಣ್ಣದ ಪೆಟ್ಟಿಗೆ. ಅದು ಸದಾ ಗುಂಯ್ ಎನ್ನುತ್ತಿತ್ತು. ಒಂದು ಪಕ್ಕದ ಜಾಲರಿಯಿಂದ ಗಾಳಿ ಎಳೆದುಕೊಂಡು ಇನ್ನೊಂದು ಪಕ್ಕದಿಂದ ಬಿಸಿಗಾಳಿ ಬಿಡುತ್ತಿತ್ತು.

"ಅದರ ತಂಟೆಗೆ ಹೋಗ್ಬೇಡ ಕಣಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನನ್ನ ಹಿಡ್ಕೋತಾರೆ," ಎಂದು ಮುನಿರಾಜು ಮೊದಲ ದಿನವೇ ಹೇಳಿದ್ದ. ಹೂಂ ಎಂದಿದ್ದೆ. ತಾರಸಿಯ ಕೀಲಿ ನನ್ನ ಹತ್ತಿರವೇ, ಸೊಂಟದಲ್ಲಿ.

ಇನ್ನು ಸಂಡಿಗೆಯ ವಿಷಯ. ಅಡುಗೆಯಲ್ಲಿ ನಾನು ಅಂಥ ಗಟ್ಟಿಗಿತ್ತಿಯಲ್ಲ. ಸಾರು ಒಂದೊಂದು ದಿನ ನೀರಾಗುತ್ತದೆ. ಆದರೆ ಬೂದುಗುಂಬಳ ತುರಿದು ಅರಳು ಸೇರಿಸಿ ಇಡುವ ಸಂಡಿಗೆ — ಅದರಲ್ಲಿ ಮಾತ್ರ ನನಗೆ ಜಂಬ. ಬೇಸಿಗೆ ಬಂದರೆ ಬೀದಿಯ ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ಒಂದು ವರ್ಷ ಬೇಸಿಗೆಯಿಡೀ ಕೈಕಾಲಿನ ಗಂಟೆಲ್ಲ ಹಿಡಿದುಕೊಳ್ಳುವ ಜ್ವರ ಬಂದು ಮಲಗಿಬಿಟ್ಟೆ. ಸಂಡಿಗೆ ಇಡಲಾಗಲಿಲ್ಲ. ಅದೇ ಶ್ರಾವಣದಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶ ಗೊತ್ತಾಯಿತು. ಬೀಗರ ಎಲೆಗೆ ಅಂಗಡಿಯ ಸಂಡಿಗೆ ಬಡಿಸುವುದೇ? ಹಿಟ್ಟು ಕಲಸಿಯೇಬಿಟ್ಟೆ. ಕಲಸಿದ ಮೇಲೆ ನೋಡಿದರೆ ಮೂರು ದಿನವಾದರೂ ಬಿಸಿಲಿಲ್ಲ, ಜಿಟಿಜಿಟಿ ಮಳೆ. ಹಿಟ್ಟು ಹುಳಿ ಬರುವ ಹಾಗಾಯಿತು.

ಆಗ ಮೇಲೆ ಬಟ್ಟೆ ತರಲು ಹೋದವಳಿಗೆ ಆ ಪೆಟ್ಟಿಗೆಯ ಬಿಸಿಗಾಳಿ ಮುಖಕ್ಕೆ ಬಡಿಯಿತು.

ಎರಡು ಕುರ್ಚಿ ಇಟ್ಟು, ಅವುಗಳ ಮೇಲೆ ಹಳೆಯ ಕಿಟಕಿಯ ಚೌಕಟ್ಟು ಹಾಸಿ, ಅದರ ಮೇಲೆ ನಮ್ಮ ಯಜಮಾನರ ಬಿಳಿ ಪಂಚೆ ಹರಡಿ ಸಂಡಿಗೆ ಇಟ್ಟೆ. ಮಳೆ ಬೀಳದಿರಲಿ, ಬಿಸಿ ಹೊರಗೆ ಹೋಗದಿರಲಿ ಎಂದು ಸಂಡಿಗೆಗೂ ಪೆಟ್ಟಿಗೆಗೂ ಸೇರಿಸಿ ಮೇಲಿಂದ ಕೆಳತನಕ ಒಂದು ನೀಲಿ ಟಾರ್ಪಾಲು ಎಳೆದು ಗುಡಾರ ಮಾಡಿದೆ. ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ನೋಡಿದರೆ — ಏನು ಹೇಳಲಿ — ಚೈತ್ರದ ಬಿಸಿಲಲ್ಲೂ ಹಾಗೆ ಒಣಗುವುದಿಲ್ಲ. ಗಲಗಲ ಎನ್ನುತ್ತಿತ್ತು. ಆ ಪೆಟ್ಟಿಗೆಗೆ ಕೈ ಮುಗಿದೆ. ನಿಜವಾಗಿ ಮುಗಿದೆ.

ಗೃಹಪ್ರವೇಶದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಎದುರು ಮನೆಯ ಸರೋಜಾ ಎರಡನೆಯ ಸಲ ಬಡಿಸಿಕೊಂಡು, "ಗೌರಕ್ಕ, ಮಳೇಲೂ ಹೂವಿನ್ ಥರ ಅರಳಿದೆಯಲ್ರೀ! ಕೈಗುಣ ಅಂದ್ರೆ ನಿಮ್ದು ಕಣ್ರೀ, ಬಿಸಿಲೂ ಬೇಡ ನಿಮಗೆ," ಎಂದಳು. ಗೌರಕ್ಕ ಅಂದರೆ ನಾನೇ. ಅವಳಿಗೆ ನಿಜ ಹೇಳಬಹುದಿತ್ತು. ನಕ್ಕು ಸುಮ್ಮನಾದೆ. ಕೈಗುಣ — ಆ ಮಾತು ಕೇಳಿದ ಮೇಲೆ ಅದನ್ನು ಬಿಟ್ಟುಕೊಡುವುದು ಹೇಗೆ?

ಆಮೇಲೆ ನಿಲ್ಲಿಸಲಿಲ್ಲ. ವಾರಕ್ಕೊಂದು ಸಲ, ಎರಡು ಸಲ. ಮುನಿರಾಜು ಕೆಲಸಕ್ಕೆ, ಸೊಸೆ ಕೆಲಸಕ್ಕೆ, ಹೇಮಾ ಸ್ಕೂಲಿಗೆ — ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ.

ನಾನು ಗುಡಾರ ಕಟ್ಟಿದ ದಿನವೆಲ್ಲ ಬೀದಿಯಲ್ಲಿ ಫೋನು ಸತ್ತುಹೋಗುತ್ತಿತ್ತು. ಸರೋಜಾ ತನ್ನ ಬಾಲ್ಕನಿಯಲ್ಲಿ ನಿಂತು, "ಹಲೋ... ಹಲೋ... ಥೂ ಇದರ!" ಎಂದು ಕಿರುಚುತ್ತಿದ್ದಳು. ನಾನೂ ಈ ಕಡೆಯಿಂದ, "ಈ ಟವರ್‌ನವರಿಗೆ ಹೇಳೋರಿಲ್ಲ ಕೇಳೋರಿಲ್ಲ ಕಣೇ ಸರೋಜಾ," ಎಂದು ಶಾಪ ಹಾಕುತ್ತಿದ್ದೆ. ಮೊದಮೊದಲು ನನಗೂ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ಒಂದು ವಿಷಯ ಮಾತ್ರ ಬೇಗ ಕಂಡುಕೊಂಡೆ. ನನ್ನ ಫೋನಿನ ಮೇಲ್ಗಡೆ ಕಡ್ಡಿಗಳಿರುತ್ತವಲ್ಲ, ಅವು ಪೂರ್ತಿ ಮಾಯವಾದರೆ ಸಂಡಿಗೆ ಹದವಾಗಿ ಒಣಗಿದೆ ಎಂದು ಅರ್ಥ! ಕಡ್ಡಿ ಹೋದ ಕೂಡಲೇ ಮೇಲೆ ಓಡಿ ಎಲ್ಲ ಬಿಚ್ಚಿ, ಪಂಚೆ ಮಡಚಿ, ಕುರ್ಚಿ ಕೆಳಗೆ ತಂದಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಡ್ಡಿ ತಾನಾಗಿ ಬರುತ್ತಿತ್ತು.

ಸೆಲ್ವರಾಜ್ ಬರುವ ಹೊತ್ತಿಗೆ ತಾರಸಿಯ ಮೇಲೆ ಏನೂ ಇರುತ್ತಿರಲಿಲ್ಲ.

ಅವರದು ಮರ್ಫಿ ಟೌನ್. ನನ್ನ ಮುನಿರಾಜುವಿನ ವಯಸ್ಸು. ಮಳೆಯಲ್ಲಿ ನೆನೆದುಕೊಂಡು ಗಾಡಿಯಲ್ಲಿ ಬರುವರು. ತಾವು ನೆನೆದರೂ ಉಪಕರಣದ ಚೀಲಕ್ಕೆ ಮಾತ್ರ ಪ್ಲಾಸ್ಟಿಕ್ಕು ಸುತ್ತಿರುವರು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, "ಅಮ್ಮಾ, ಕೀ ಕೊಡಿಮ್ಮಾ, ಮತ್ತೆ ಹೀಟ್ ಅಲಾರಂ ಬಂದಿದೆ," ಎನ್ನುವರು. ಎಲ್ಲೋ ದೂರದ ಆಫೀಸಿನಲ್ಲಿ ದೊಡ್ಡ ಪರದೆಯಿದೆಯಂತೆ, ಊರಿನ ಟವರುಗಳೆಲ್ಲ ಅದರಲ್ಲಿ ಚುಕ್ಕಿಗಳಂತೆ ಕಾಣುತ್ತವೆಯಂತೆ, ಪೆಟ್ಟಿಗೆ ಬಿಸಿಯಾದರೆ ಅದೇ ಅಲ್ಲಿಗೆ ಸುದ್ದಿ ಕಳಿಸುತ್ತದೆಯಂತೆ, ಅಲ್ಲಿಂದ ಇವರ ಫೋನಿಗೆ ಓಲೆ. ಮೇಲೆ ಹೋಗಿ ಬಿಚ್ಚಿ, ತೊಳೆದು, ಕೂಡಿಸಿ ಇಳಿದು ಬರುವರು. ನಾನು ಮಜ್ಜಿಗೆ ಕೊಡುತ್ತಿದ್ದೆ. "ಏನೂ ಸಿಗ್ಲಿಲ್ಲಮ್ಮಾ. ಎಲ್ಲಾ ಚೆನ್ನಾಗಿದೆ. ಹೆಂಗೆ ಬಿಸಿ ಆಗತ್ತೋ ಆ ಯೇಸುವಿಗೇ ಗೊತ್ತು."

ಒಂದೊಂದು ಸಲ ಮಜ್ಜಿಗೆಯ ಜೊತೆಗೆ ಸಂಡಿಗೆಯನ್ನೂ ಕರಿದು ಕೊಟ್ಟಿದ್ದೇನೆ. ಅದೇ ಸಂಡಿಗೆ. ಅವರು ತಿಂದಿದ್ದಾರೆ. ಚೆನ್ನಾಗಿದೆ ಎಂದಿದ್ದಾರೆ.

ಇರಲಿ.

ಹೇಮಾ ಆಗ ಎಂಟನೇ ಕ್ಲಾಸು. ಸ್ಕೂಲಿನಿಂದ ಬರುವ ಹೊತ್ತಿಗೂ ಸೆಲ್ವರಾಜ್ ಬರುವ ಹೊತ್ತಿಗೂ ಸರಿಹೋಗುತ್ತಿತ್ತು. ಬ್ಯಾಗು ಎಸೆದು ಅವರ ಹಿಂದೆಯೇ ಮೇಲೆ ಓಡುವಳು. ಹುಡುಗಿಗೆ ಇದೆಲ್ಲ ಯಾಕೆ ಎಂದು ಅವರು ಅನ್ನಲಿಲ್ಲ. ತಮ್ಮ ಫೋನಿನಲ್ಲಿ ಅಲಾರಮ್ಮುಗಳ ಪಟ್ಟಿ ತೆಗೆದು ತೋರಿಸುವರು. ಅವಳನ್ನು ಪಾಪಾ ಎಂದೇ ಕರೆಯುವರು. ನಾನು ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಂಡಿದ್ದೇನೆ.

"ಪಾಪಾ, ಇದು ಕೆಂಪು. ಕೆಂಪು ಅಂದ್ರೆ?"

"ಓಡು!"

"ಕಿತ್ತಳೆ ಅಂದ್ರೆ?"

"ಬೇಗ ನಡಿ!"

"ಹಳದಿ?"

"ಕಣ್ಣಿಟ್ಟಿರು!"

"ಹಸಿರಾದ್ರೆ?"

"ಅಜ್ಜಿ ಹತ್ರ ಮಜ್ಜಿಗೆ ಇಸ್ಕೊ!"

ಇಬ್ಬರೂ ನಗುವರು. ಹೇಮಾಳ ನೋಟ್ ಬುಕ್ಕಿನ ಕೊನೆಯ ಹಾಳೆಗಳಲ್ಲಿ ಸೆಲ್ವರಾಜ್ ಬರೆದುಕೊಟ್ಟ ಚಿತ್ರಗಳಿದ್ದವು — ಈ ಟವರಿನಿಂದ ಆ ಟವರಿಗೆ ಗೆರೆ, ಒಂದು ಸತ್ತರೆ ಪಕ್ಕದ್ದು ಹೇಗೆ ಭಾರ ಹೊರುತ್ತದೆ ಎಂದು ಬಾಣದ ಗುರುತು. ಕೂಡುವ ಲೆಕ್ಕಕ್ಕೆ ಅಳುತ್ತಿದ್ದ ಹುಡುಗಿ ಬಿಸಿಯ ಅಳತೆಯನ್ನು ಬಾಯಿಪಾಠ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಹಾಗೆ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಒಂದು ದಿನ ಅವರು ಇಳಿದು ಬಂದು, ಮಜ್ಜಿಗೆಯ ಲೋಟ ಕೈಯಲ್ಲೇ ಹಿಡಿದು, ಕುಡಿಯದೆ ನಿಂತರು.

"ಅಮ್ಮಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಪೆಟ್ಟಿಗೆಗೆ ಉಸಿರಾಡಕ್ಕೆ ಜಾಗ ಬೇಕು. ಮೇಲೆ ಯಾರಾದ್ರೂ ಬಟ್ಟೆಗಿಟ್ಟೆ ಏನಾದ್ರೂ ಹೊದಿಸ್ತಾರಾ?"

ಆವತ್ತು ನನಗೆ ಗೊತ್ತಾಯಿತು. "ಯಾರಪ್ಪಾ ಹೋಗ್ತಾರೆ ಮೇಲೆ? ಕೀಲಿ ನನ್ನ ಹತ್ರಾನೇ ಇರತ್ತಲ್ಲ," ಎಂದೆ. ಅವರು ನಂಬಿದರು.

ಗೊತ್ತಾದ ಮೇಲೂ ನಿಲ್ಲಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಒಂದು ವಾರ ಬಿಟ್ಟೆ. ಆಮೇಲೆ ಸರೋಜಾಳ ತಂಗಿಯ ಮಗಳ ಸೀಮಂತ ಬಂತು. "ಗೌರಕ್ಕನ ಸಂಡಿಗೆ ಇಲ್ದಿದ್ರೆ ಆಗಲ್ಲ" ಎಂದರು. ಮತ್ತೆ ಟಾರ್ಪಾಲು ಎಳೆದೆ.

ಅದಾಗಿ ಕೆಲವು ದಿನಕ್ಕೆ ಸೆಲ್ವರಾಜ್ ಅವರ ಮೇಲಿನವರು ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಲಗೆಯಂಥ ದೊಡ್ಡ ಫೋನು. ಸೆಲ್ವರಾಜ್ ಗೇಟಿನ ಹತ್ತಿರ, ಚೀಲ ಎದೆಗವಚಿಕೊಂಡು ನಿಂತಿದ್ದರು. ಬಂದವರು ಮರ್ಯಾದೆಯಾಗಿಯೇ ಕೇಳಿದರು.

"ಅಜ್ಜಿ, ಇವ್ರು ಪ್ರತಿ ಸಲ ಬಂದು ನೋಡಿದೀನಿ, ಏನೂ ತೊಂದ್ರೆ ಇಲ್ಲ ಅಂತ ಬರೀತಿದಾರೆ. ಆದ್ರೂ ಮತ್ತೆ ಬಿಸಿ ಆಗ್ತಾನೇ ಇದೆ. ನಿಜವಾಗ್ಲೂ ಬಂದಿದಾರಾ? ಕೀಲಿ ನಿಮ್ ಹತ್ರ ಇರತ್ತಂತಲ್ಲ. ನೀವು ನೋಡಿದೀರಾ?"

ನನ್ನ ತಲೆ ಆಗ ಎಷ್ಟು ಚುರುಕಾಗಿ ಓಡಿತು ಎಂದರೆ, ಈಗ ನೆನೆದರೆ ನನಗೇ ಹೇಸಿಗೆಯಾಗುತ್ತದೆ. ಬಂದಿದ್ದರು ಎಂದರೆ, ಸರಿಯಾಗಿ ಕೆಲಸ ಮಾಡಿದ್ದರೂ ಯಾಕೆ ಬಿಸಿಯಾಯಿತು ಎಂದು ಕೇಳುತ್ತಾರೆ. ಮತ್ತೆ ಯಾರ ಹತ್ತಿರ ಕೀಲಿಯಿದೆ ಎನ್ನುತ್ತಾರೆ. ಮುನಿರಾಜುವಿಗೆ ಗೊತ್ತಾಗುತ್ತದೆ. ಸರೋಜಾಳಿಗೆ ಗೊತ್ತಾಗುತ್ತದೆ —

"ನಾನು ನೋಡಿಲ್ಲಪ್ಪ," ಎಂದೆ.

ಸೆಲ್ವರಾಜ್ ತಲೆಯೆತ್ತಿ ನೋಡಿದರು. "ಅಮ್ಮಾ..." ಎಂದರು. ಅಷ್ಟೇ. ಜಗಳವಾಡಲಿಲ್ಲ, ಮಜ್ಜಿಗೆಯ ಮಾತೆತ್ತಲಿಲ್ಲ. ಬಂದವರು ತಮ್ಮ ಹಲಗೆಯ ಮೇಲೆ ಏನನ್ನೋ ಒತ್ತಿದರು. ಇಬ್ಬರೂ ಹೋದರು. ಮತ್ತೆ ಸೆಲ್ವರಾಜ್ ಬರಲಿಲ್ಲ.

ಕೆಲಸದಿಂದ ತೆಗೆದರು ಎಂದು ಹೊಸದಾಗಿ ಬಂದವನು ಹೇಳಿದ. ಹೇಮಾ, "ಅಂಕಲ್ ಎಲ್ಲಿ ಅಜ್ಜಿ?" ಎಂದು ದಿನವೂ ಕೇಳಿದಳು. "ಬೇರೆ ಕಡೆಗೆ ವರ್ಗ ಆಯ್ತಂತೆ ಕಣೆ," ಎಂದೆ. ಎರಡನೆಯ ಸುಳ್ಳು. ನೋಟ್ ಬುಕ್ಕಿನ ಆ ಹಾಳೆಗಳನ್ನು ಅವಳು ಕತ್ತರಿಸಿ ಎತ್ತಿಟ್ಟುಕೊಂಡಳು.

ಅಂದಿನಿಂದ ಟವರಿನ ಹತ್ತಿರ ಸಂಡಿಗೆ ಇಡಲಿಲ್ಲ. ಪಶ್ಚಾತ್ತಾಪದಿಂದ ಅಲ್ಲ, ಹೆದರಿಕೆಯಿಂದ. ಮಳೆಗಾಲದಲ್ಲಿ ಯಾರಾದರೂ ಕೇಳಿದರೆ, "ವಯಸ್ಸಾಯ್ತು, ಕೈಲಾಗಲ್ಲ" ಎಂದೆ. ಟವರು ಮತ್ತೆ ಒಂದು ದಿನವೂ ನಿಲ್ಲಲಿಲ್ಲ. ಸೆಲ್ವರಾಜ್ ಹೋದರು, ಟವರು ಸರಿಹೋಯಿತು — ಹೊರಗಿನಿಂದ ನೋಡಿದವರಿಗೆ ಹಾಗೆಯೇ ಕಂಡಿತು. ನನ್ನ ಹೆದರಿಕೆಯೂ ಅವರ ವಿರುದ್ಧವೇ ಸಾಕ್ಷಿ ಹೇಳಿತು.

ವರ್ಷಗಳು ಹೋದವು. ಹೇಮಾ ಎಲೆಕ್ಟ್ರಾನಿಕ್ಸ್ ಓದಿದಳು. ಕೆಲಸಕ್ಕೆ ಸೇರಿದ್ದು ಎಲ್ಲಿ ಗೊತ್ತೇ? ಆ ದೊಡ್ಡ ಪರದೆಯ ಆಫೀಸಿಗೆ! ಕೆ.ಆರ್. ಪುರದ ಆಚೆ. ಊರಿನ ಟವರುಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರಿನ ಕೆಲಸ. ವಾರಕ್ಕೆರಡು ದಿನ ಮನೆಯಿಂದಲೇ ಮಾಡುತ್ತಾಳೆ. ನಾನು ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂರುತ್ತೇನೆ. ಪರದೆಯಲ್ಲಿ ಬೆಂಗಳೂರೆಲ್ಲ ಹಸಿರು ಚುಕ್ಕಿ. ಜೀವನ್ ಬಿಮಾ ನಗರದ ಕಡೆ ಎಲ್ಲೋ ಹಳದಿಯಾದರೆ ನನಗೇ ಮೊದಲು ಕಾಣುತ್ತದೆ. "ಅಲ್ನೋಡೆ, ಕಣ್ಣಿಡು!" ಎನ್ನುತ್ತೇನೆ. "ಅಜ್ಜೀನ ಕೆಲಸಕ್ಕೆ ಸೇರಿಸ್ಕೊಳ್ಳಿ ಅಂತ ಹೇಳ್ತೀನಿ ತಾಳು," ಎಂದು ನಗುತ್ತಾಳೆ. ಇಂಟರ್‌ವ್ಯೂನಲ್ಲಿ, ಈ ಕೆಲಸವೇ ಯಾಕೆ ಎಂದು ಕೇಳಿದರಂತೆ. "ನಮ್ಮ ತಾರಸಿ ಮೇಲೆ ಒಬ್ರು ಅಂಕಲ್ ಹೇಳಿಕೊಟ್ರು" ಎಂದಳಂತೆ. ಅದನ್ನು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಈ ಆಷಾಢದಲ್ಲಿ ಅವಳಿಗೆ ಒಂದು ಹೊಸ ಕೆಲಸ ಕೊಟ್ಟರು. ರಿಪೇರಿಯವರು ಜಾಗಕ್ಕೆ ಬರದೇ ಬಂದೆವು ಎಂದು ಬರೆದರೆ ಅದನ್ನು ಸಾಫ್ಟ್‌ವೇರೇ ಕಂಡುಹಿಡಿಯಬೇಕು. ಅದಕ್ಕೆ ಹಳೆಯ ಉದಾಹರಣೆಗಳನ್ನು ತೋರಿಸಿ ತೋರಿಸಿ ಕಲಿಸಬೇಕಂತೆ, ಮಗುವಿಗೆ ಕಲಿಸಿದ ಹಾಗೆ. ಒಂದು ಬೆಳಿಗ್ಗೆ ಕುಣಿಯುತ್ತಾ ಕರೆದಳು.

"ಅಜ್ಜಿ, ಬಾ ಇಲ್ಲಿ! ಎಲ್ಲಕ್ಕಿಂತ ಒಳ್ಳೆ ಉದಾಹರಣೆ ನಮ್ಮನೇ ಟವರೇ ಸಿಕ್ಬಿಡ್ತು! ಎಲ್ಲಾ ಪೆಟ್ಟಿಗೆ ಬೇಸಿಗೇಲಿ ಬಿಸಿ ಆಗತ್ತೆ, ಇದು ಎರಡು ವರ್ಷ ಬರೀ ಮಳೇಲಿ ಬಿಸಿ ಆಗಿದೆ. ಟೆಕ್ನಿಷಿಯನ್ ಪ್ರತಿ ಸಲ 'ಬಂದೆ, ಏನೂ ಇಲ್ಲ' ಅಂತ ಬರ್ದಿದಾನೆ. ಆಮೇಲೆ ಮನೆಯವ್ರೇ 'ಬಂದಿಲ್ಲ' ಅಂದಿದಾರೆ. ಅವನನ್ನ ತೆಗೆದ್ರು, ಫಾಲ್ಟ್ ನಿಂತೋಯ್ತು. ಎಷ್ಟು ನೀಟಾಗಿದೆ ನೋಡು! ಹೆಸರಿಲ್ಲ, ಯಾವ ವರ್ಷ ಅಂತಾನೂ ಇಲ್ಲ, ನಂಬರ್ ಅಷ್ಟೇ ಇದೆ. ಸೆಲ್ವ ಅಂಕಲ್ ವರ್ಗ ಆದ್ಮೇಲೆ ಬಂದ ಯಾವನೋ ಸೋಮಾರಿ ಇರ್ಬೇಕು."

ಸೋಮಾರಿ. ಅವಳ ಬಾಯಲ್ಲಿ, ಆ ಮನುಷ್ಯನಿಗೆ.

"ಇದನ್ನ ಕಲಿಸಿದ್ರೆ ಏನಾಗತ್ತೆ?" ಎಂದೆ.

"ಇದೇ ಥರ ಎಲ್ಲಿದ್ರೂ ಅದೇ ಹಿಡಿಯತ್ತೆ ಅಜ್ಜಿ. ಸುಳ್ಳು ಹೇಳೋರ ಪಟ್ಟಿ ಕೊಡತ್ತೆ. ಈಗಾಗ್ಲೇ ಒಬ್ರ ಹೆಸರು ಬಂದಿದೆ, ಬಾಣಸವಾಡಿ ಕಡೆಯವ್ರದು. ಇವತ್ತು ಸಂಜೆ ಮೇಲಕ್ಕೆ ಕಳಿಸ್ತೀನಿ."

ನನ್ನ ಒಂದು ಮಾತು ಒಬ್ಬ ಮನುಷ್ಯನ ಕೆಲಸ ತಿಂದು ಅಲ್ಲಿಗೆ ಮುಗಿದಿದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಅದು ಆ ಯಂತ್ರದೊಳಗೆ ಹೋಗಿ ಕುಳಿತಿತ್ತು. ಇನ್ನು ಅದಕ್ಕೆ ಪಾಠವಾಗಿ, ನಾನು ಕಾಣದ ಮನೆಗಳಲ್ಲಿ, ನಾನು ಸತ್ತ ಮೇಲೂ — ಅದೂ ನನ್ನ ಹೇಮಾಳ ಕೈಯಿಂದ.

ಸೊಪ್ಪಿನ ಮೊರ ಪಕ್ಕಕ್ಕಿಟ್ಟೆ.

"ಕಳಿಸ್ಬೇಡ ಕಣೆ. ಆ ನಂಬರು ಸೆಲ್ವರಾಜಂದು. ಅವ್ರು ಬಂದಿದ್ರು. ಬಿಸಿ ಮಾಡಿದ್ದು ನಾನು. ಸಂಡಿಗೆ ಒಣಗ್ಸಕ್ಕೆ."

ಹೇಮಾ ಮೊದಲು ನಕ್ಕಳು. ತಮಾಷೆ ಎಂದುಕೊಂಡಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಲ್ಲ ಹೇಳಿದೆ — ಟಾರ್ಪಾಲು, ಕಡ್ಡಿ, ಮಜ್ಜಿಗೆ, "ನೋಡಿಲ್ಲಪ್ಪ" ಎಂದದ್ದು, ವರ್ಗವಾಯಿತು ಎಂದದ್ದು. ಅವಳು ಲ್ಯಾಪ್‌ಟಾಪು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಆವತ್ತಿಡೀ ನನ್ನ ಕೈಯ ಕಾಫಿ ಮುಟ್ಟಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಊದಿತ್ತು. "ಆಫೀಸಲ್ಲಿ ಒಪ್ಪಿಗೆ ತಗೊಂಡಿದೀನಿ. ಮೇಲೆ ಹೋಗಿ ಅವತ್ತು ಮಾಡಿದ ಹಾಗೇ ಮಾಡು. ನನ್ ಕಣ್ಣಾರೆ ನೋಡ್ಬೇಕು."

ಮುನಿರಾಜು ಕುರ್ಚಿ ಹೊತ್ತು ತಂದ. ಅವನಿಗೂ ಹೇಳಿಯಾಗಿತ್ತು, ತಲೆ ಮಾತ್ರ ಆಡಿಸಿದ್ದ. ಅದೇ ಚೌಕಟ್ಟು, ಪಂಚೆ, ಟಾರ್ಪಾಲು. ನಾನು ಫೋನು ಕಿವಿಗಿಟ್ಟುಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ನಿಂತೆ, ಕೆಳಗೆ ಹೇಮಾ ಪರದೆಯ ಮುಂದೆ.

"ಎಳೆದೆ ಕಣೆ."

"ಹೂಂ... ಏರ್ತಿದೆ... ಏರ್ತಿದೆ ಅಜ್ಜಿ... ಹಳದಿ! ತೆಗಿ, ತೆಗಿ, ಬೇಗ ತೆಗಿ!"

ಕಿತ್ತೆಸೆದೆ. ಸ್ವಲ್ಪ ಹೊತ್ತಾದ ಮೇಲೆ, "ಹಸಿರಾಯ್ತು," ಎಂದಳು. ಆಮೇಲೆ ಫೋನಿನಲ್ಲಿ ಅಳುವ ಸದ್ದು ಕೇಳಿಸಿತು.

ಆ ಸಾಫ್ಟ್‌ವೇರಿನಲ್ಲಿ ಕಾರಣ ಆರಿಸುವುದಕ್ಕೆ ಒಂದು ಪಟ್ಟಿಯಿದೆ. ಇಲಿ ಇದೆ, ಜೇನುಗೂಡು ಇದೆ, ಗಾಳಿಪಟದ ದಾರ ಕೂಡ ಇದೆ. ಸಂಡಿಗೆ ಇಲ್ಲ. ಹೇಮಾ ಅದನ್ನು ಹೊಸದಾಗಿ ಸೇರಿಸಬೇಕಾಯಿತು. ಅವರ ಆಫೀಸಿನ ಒಬ್ಬ ಹುಡುಗ ಇಂದೋರಿನವನು, ಸಂಡಿಗೆ ಎಂದರೇನು ಎಂದು ಕೇಳಿದನಂತೆ; ಒಂದು ಡಬ್ಬಿ ಕಳಿಸಿಕೊಟ್ಟೆ, ಬಿಸಿಲಲ್ಲಿ ಒಣಗಿದ್ದು. ಇನ್ನು ಮೇಲೆ ಅವಳ ಸಾಫ್ಟ್‌ವೇರು ರಿಪೇರಿಯವನ ಮೇಲೆ ಸಂಶಯ ಪಡುವ ಮೊದಲು, ಪೆಟ್ಟಿಗೆಯ ಸುತ್ತ ಏನಾದರೂ ಮುಚ್ಚಿದ್ದಾರೆಯೇ, ಮೇಲೆ ಹೋಗುವ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳುತ್ತದಂತೆ. ಬಾಣಸವಾಡಿಯವರ ಹೆಸರು ಪಟ್ಟಿಯಿಂದ ಹೊರಗೆ ಬಂತು. ಅಲ್ಲಿ ಯಾರೋ ಪೆಟ್ಟಿಗೆಯ ಬೆನ್ನಿಗೆ ಪಾರಿವಾಳದ ಗೂಡು ಕಟ್ಟಿದ್ದರಂತೆ. ಆಫೀಸಿನವರು ಹೇಮಾಳನ್ನು ಹೊಗಳಿದರು, ಕೆಲಸ ಖಾಯಂ ಮಾಡಿದರು. ಇದೆಲ್ಲ ಸೆಲ್ವರಾಜ್ ಹಾಕಿದ ಅಡಿಪಾಯ ಎಂದು ನನ್ನ ಜೀವ ಕುಣಿಯುತ್ತದೆ, ಅದೇ ಉಸಿರಿನಲ್ಲಿ ನಾಚಿಕೆಯಿಂದ ಕುಗ್ಗುತ್ತದೆ.

ಸೆಲ್ವರಾಜ್ ಎಲ್ಲಿದ್ದಾರೆ ಎಂದು ಹಳೆಯ ರಿಪೇರಿಯವರನ್ನು ಕೇಳಿ ಹೇಮಾಳೇ ಪತ್ತೆ ಮಾಡಿದಳು. ಮರ್ಫಿ ಟೌನಿನ ಮನೆ ಬಿಟ್ಟು ಟಿನ್ ಫ್ಯಾಕ್ಟರಿಯ ಹಿಂದೆ ಇದ್ದಾರೆ, ಒಂದು ಬ್ಯಾಟರಿ ಅಂಗಡಿಯಲ್ಲಿ ಇನ್ವರ್ಟರ್ ರಿಪೇರಿ ಮಾಡುತ್ತಾರೆ. ಭಾನುವಾರ ಮೆಟ್ರೋದಲ್ಲಿ ಹೋದೆವು. ಬಾಗಿಲು ತೆರೆದವರೇ, "ಅಮ್ಮಾ! ಬನ್ನಿಮ್ಮಾ!" ಎಂದರು. ಕೂದಲು ಪೂರ್ತಿ ನರೆತಿದೆ. ಕೂರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ನಾನು ಕೂತ ಜಾಗದಲ್ಲೇ ಹೇಳಿಬಿಟ್ಟೆ. ತಡೆದರೆ ಹೇಳಲಾರೆ ಎಂದು.

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು.

"ಮೂರು ಸಲ ಫ್ಯಾನ್ ಚೇಂಜ್ ಮಾಡ್ದೆನಮ್ಮಾ," ಎಂದರು. "ಮನೇಗ್ ಬಂದು ಯೋಚ್ನೆ ಮಾಡ್ತಿದ್ದೆ, ಎಲ್ಲಿ ತಪ್ಪು ಮಾಡ್ತಿದೀನಿ ಅಂತ. ನನ್ ಕೈಗೆ ಸಿಗದಿದ್ದ ಫಾಲ್ಟು ಅದೊಂದೇ. ಅದಾದ್ಮೇಲೆ ಯಾವ್ದೇ ರಿಪೇರಿ ಮಾಡಿದ್ರೂ ಎರಡೆರಡು ಸಲ ಬಿಚ್ಚಿ ನೋಡ್ತೀನಿ. ಕೈ ಮೇಲೆ ನಂಬ್ಕೆನೇ ಹೋಗ್ಬಿಡ್ತು."

ನನ್ನ ಕೈಗುಣ ಎಂದು ಊರು ಹೊಗಳಿದ್ದು ಇವರ ಕೈಯಿಂದ ಕಿತ್ತುಕೊಂಡದ್ದು.

"ನನ್ನ ಬಗ್ಗೆ ಏನಂದ್ಕೊಂಡಿದ್ರಿ ಇಷ್ಟು ವರ್ಷ?" ಎಂದೆ.

"ನಿಮಗೆ ವಯಸ್ಸಾಯ್ತಲ್ಲಮ್ಮಾ, ಮರ್ತಿರ್ತೀರಿ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲು ಹಿಡಿಯಲು ಬಗ್ಗಿದೆ. ಅವರು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕರೆದರು.

"ಮೇರಿ, ಇಲ್ ಬಾ. ಅಮ್ಮಾ, ಇನ್ನೊಂದ್ಸಲ ಹೇಳಿ. ಇವಳು ಕೇಳ್ಲಿ."

ಮೇರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಅವರು ಗಂಡನ ಮುಖ ನೋಡುತ್ತಿರಲಿಲ್ಲ. ಆಗ ನನಗೆ ಅರ್ಥವಾಯಿತು. ಸೆಲ್ವರಾಜ್ ಗಾಡಿ ತೆಗೆದುಕೊಂಡು ಎಲ್ಲಿ ಸುತ್ತುತ್ತಿದ್ದರು, ಕೆಲಸಕ್ಕೆ ಹೋಗದೆ ಎಲ್ಲಿ ಕೂರುತ್ತಿದ್ದರು ಎಂಬ ಪ್ರಶ್ನೆ ಆ ಮನೆಯಲ್ಲಿ ಇಷ್ಟು ವರ್ಷ ಇತ್ತು. ನಾನು ಮತ್ತೆ ಮೊದಲಿಂದ ಹೇಳಿದೆ. ಟಾರ್ಪಾಲು, ಕಡ್ಡಿ, ಎಲ್ಲ. ಮುಗಿದ ಮೇಲೆ ಮೇರಿ ಒಳಗೆ ಹೋದರು. ಕಾಫಿ ತಂದು ಮೊದಲ ಲೋಟ ಗಂಡನ ಕೈಗೆ ಕೊಟ್ಟರು.

ಅಷ್ಟು ಹೊತ್ತಿಗೆ ಸೆಲ್ವರಾಜ್ ನನ್ನ ಹಿಂದೆ ನಿಂತಿದ್ದ ಹುಡುಗಿಯನ್ನು ದಿಟ್ಟಿಸಿ ನೋಡಿದರು. "ಇದು... ನಮ್ ಪಾಪಾನಾ?"

ಹೇಮಾ ಚೀಲದಿಂದ ಆ ಹಳೆಯ ನೋಟ್ ಬುಕ್ಕಿನ ಹಾಳೆಗಳನ್ನು ತೆಗೆದು ಅವರ ಮಡಿಲಲ್ಲಿಟ್ಟಳು. ಗೆರೆಗಳು, ಬಾಣಗಳು. ತನ್ನ ಕೆಲಸ ಏನು ಎಂದು ಹೇಳಿದಳು. ಅವರು ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಕಣ್ಣು ತುಂಬಿತ್ತು, ಆದರೂ ಮೀಸೆಯ ಕೆಳಗೆ ನಗು ಬಂತು.

"ಕೆಂಪು ಅಂದ್ರೆ?" ಎಂದರು.

"ಓಡು," ಎಂದಳು ನನ್ನ ಮೊಮ್ಮಗಳು, ಎಂಟನೇ ಕ್ಲಾಸಿನ ಅದೇ ಗಂಟಲಿನಲ್ಲಿ.

ಆ ಮನೆಯಿಂದ ಬಂದ ಮೇಲೆ ಈ ನೋಟ್ ಬುಕ್ಕು ತರಿಸಿಕೊಂಡೆ. ಮೇರಿ ಕೇಳಿದರು, ಸರಿ. ಆದರೆ ಆವತ್ತು ನನ್ನ ಮಾತು ಎಷ್ಟು ಬಾಯಿಗೆ ಬಿತ್ತೋ — ಅವರ ಜೊತೆ ಕೆಲಸ ಮಾಡಿದವರು, ಮರ್ಫಿ ಟೌನಿನ ಅಕ್ಕಪಕ್ಕದವರು, ಅವರ ನೆಂಟರು — ಅವರೆಲ್ಲರ ಮನೆಗೆ ಹೋಗಲು ನನ್ನ ಮೊಣಕಾಲಿಗೆ ಶಕ್ತಿಯಿಲ್ಲ. ಸರೋಜಾಳಿಗೆ ಮಾತ್ರ ನಾನೇ ಹೋಗಿ ಹೇಳಿದೆ. ಉಳಿದವರು ಇದನ್ನು ಓದಲಿ, ಓದಲಾಗದವರಿಗೆ ಯಾರಾದರೂ ಓದಿ ಹೇಳಲಿ. ಸೆಲ್ವರಾಜ್, ನೀವು ನನ್ನ ಮೊಮ್ಮಗಳಿಗೆ ಕೊಟ್ಟಿದ್ದನ್ನು ತೀರಿಸಲು ನನ್ನಿಂದಾಗದು. ನಿಮ್ಮಿಂದ ಕಿತ್ತುಕೊಂಡಿದ್ದನ್ನು ತಿರುಗಿ ಕೊಡಲೂ ಆಗದು. ಅಂದು ಗೇಟಿನಲ್ಲಿ ನಿಮ್ಮ ಮೇಲಿನವರು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಈಗ ಕೊಡಬಲ್ಲೆ.

ಬಂದಿದ್ದರು. ಪ್ರತಿ ಸಲವೂ ಬಂದಿದ್ದರು. ನಾನು ನೋಡಿದ್ದೆ.